ಹನ್ನೊಂದು

ಕೌಲ್ ಬಜಾರಿನ ಮಹಡಿ ಮೇಲೆ, ಸಂಜೆ ಏಳಕ್ಕೆ ಕ್ಲಾಸು.
ಕೆಳಗೆ ಜೀನ್ಸ್ ಹೊಲಿಯುವ ಮಿಷಿನ್ನುಗಳು;
ನೆಲ ಸಣ್ಣಗೆ ನಡುಗುತ್ತದೆ, ಕೈಯ ಸೀಮೆಸುಣ್ಣವೂ.
ಬೋರ್ಡು ಒರೆಸಲು ಅಲ್ಲಿಂದಲೇ ತಂದ ನೀಲಿ ತುಂಡು.

ಪಾಪ್ಯುಲಸ್ ಎಂದೆ. ಊರಿನ ಮಂದಿ.
ಪಾಪ್ಯುಲಸ್ ಎಂದೆ. ಮಂದಿ ಕಿಕ್ಕಿರಿದ ಊರು.
"ಒಂದನ್ನೇ ಎರಡು ಸಲ ಅಂದ್ರಿ ಸಾರ್"
ಅಂದ ಗಾದಿಲಿಂಗ, ಪೊಲೀಸ್ ಪರೀಕ್ಷೆಗೆ ಮೂರನೇ ಸಲ ಕೂತವನು.
ಇಲ್ಲಪ್ಪ, ಬರೆಯುವುದು ಬೇರೆ, ಕಿವಿಗೆ ಒಂದೇ.
"ಹಂಗಾರೆ ಬಳ್ಳಾರಿ ಯಾವುದು?"
ಎರಡನೆಯದು. ಅದರೊಳಗಿನ ನೀನು, ಮೊದಲನೆಯದು.
ಎಲ್ಲರೂ ಕನ್ನಡದಲ್ಲೇ ಬರೆದುಕೊಂಡರು:
ಅದೇ ಪದ ಎರಡು ಸಲ,
ನಡುವೆ ಒಂದು ಗೀಟು.

ಮುಂದೆ, ಪರ್ಸನಲ್, ಪರ್ಸನೆಲ್.
ಒಂದು ಸ್ವಂತದ್ದು, ಒಂದು ಸಿಬ್ಬಂದಿ.
ಕೊನೆಗೆ ಬಾಯಿ ತುಸು ಹೆಚ್ಚು ತೆರೆಯಬೇಕು, ಅಷ್ಟೆ.
ಹುಲಿಗೆಮ್ಮ ಕೈ ಎತ್ತಿದಳು. ಸಿರುಗುಪ್ಪ ಕಡೆಯ ಹುಡುಗಿ,
ಕೆಳಗೆ ದಾರ ಕತ್ತರಿಸುವವಳು,
ಎಷ್ಟು ತಿಕ್ಕಿದರೂ ಉಗುರ ಸಂದಿಯಲ್ಲಿ ನೀಲಿ.
"ನಮ್ಮ ಓನರು ಬಾಗಿಲಿಗೆ ಮೊದಲನೇದು ಬರಸ್ಯಾರ್ರಿ ಸಾರ್.
ಹಾಜರಿ ಹಾಕೋ ರೂಮದು."
ನಕ್ಕೆವು. ತಪ್ಪಿರಲಿಕ್ಕಿಲ್ಲ ಬಿಡು ಎಂದೆ.

ನಮ್ಮ ಒಂದೇ 'ಕಡಿಮೆ'ಗೆ ಅವರಲ್ಲಿ ಎರಡು:
ಅಳೆಯುವುದಕ್ಕೆ ಲೆಸ್, ಎಣಿಸುವುದಕ್ಕೆ ಫ್ಯೂಯರ್.
ನೀರು, ಉಪ್ಪು, ನಿದ್ದೆ: ಲೆಸ್.
ಮನುಷ್ಯರು? ಯಾವತ್ತೂ ಫ್ಯೂಯರ್.
"ಕೂಲಿ?"
ಲೆಸ್.
ಅವಳು ಬರೆದುಕೊಂಡಳು, ತಲೆ ಎತ್ತದೆ ಕೇಳಿದಳು:
"ನಿನ್ನೆ ಓನರು ಅಂದ್ರು, ಏಳು ಮಿಷಿನ್ ಬಂದಿಲ್ಲ ಅಂತ.
ಮಿಷಿನ್ ಎಲ್ಲಾ ಇದ್ದಲ್ಲೇ ಇದ್ವು ಸಾರ್.
ಬರದೇ ಇದ್ದದ್ದು ಮಂದಿ.
ಅದಕ್ಕ ಯಾವುದು ಹಾಕಬೇಕು?"

ಗೈಡಿನಲ್ಲಿ ಇಲ್ಲ ಅದು.
ಹೇಳಬೇಕಾದದ್ದನ್ನು ಬಿಟ್ಟು ಏನೋ ಹೇಳಿದೆ,
ನಮ್ಮ ಭಾಷೆಯಲ್ಲಿ ಮನುಷ್ಯರಿಗೆ ಬೇರೆಯೇ ಲೆಕ್ಕ ನೋಡಿ,
ಒಂದು ಅಲ್ಲ ಒಬ್ಬ, ಎರಡು ಅಲ್ಲ ಇಬ್ಬರು,
ಮೂವರು, ನಾಲ್ವರು, ಐವರು,
ಎನ್ನುತ್ತಾ ಬೆರಳು ಮಡಚಿದೆ.
ಒಂದು ಕೈ ಮುಗಿಯಿತು.
ಆರು?
ಆಡುಮಾತಿಗೆ ಅಲ್ಲಿಗೇ ಸುಸ್ತು.
ಆರು ಮೂಟೆ, ಆರು ಮಿಷಿನ್ನು, ಆರು ಮಂದಿ.

"ಅವರು ಏಳು" ಅಂದಳು ಹುಲಿಗೆಮ್ಮ,
"ಶೇಕ್ಷಾವಲಿ, ಅವನ ತಮ್ಮ, ಎರ್ರಿಸ್ವಾಮಿ,
ಮೋಕಾದಿಂದ ಬರೋ ಅಕ್ಕ-ತಂಗೇರು,
ಬಟನ್ ಹಾಕೋ ಮುದುಕಪ್ಪ…"
ಏಳನೆಯ ಹೆಸರು ನೆನಪಾಗಲಿಲ್ಲ.
ಹೊಸಬಳಂತೆ. ಹಾಜರಿ ಪುಸ್ತಕದಲ್ಲಿ ಇನ್ನೂ ಏರಿಲ್ಲವಂತೆ.
ಪೆನ್ನಿನ ತುದಿ ಕಚ್ಚುತ್ತಾ ಕೂತಳು.

ಎಂಟೂವರೆಗೆ ಕ್ಲಾಸು ಬಿಟ್ಟಿತು.
ಟ್ಯುಟೋರಿಯಲ್ ಮಾಲೀಕರ ಫೋನು, ದಿನದ ಹಾಗೆ:
"ಮೇಷ್ಟ್ರೇ, ಇವತ್ತೆಷ್ಟು ತಲೆ?"
ತಲೆಗೆ ಇಷ್ಟು ಅಂತ ನನ್ನ ಸಂಬಳ.
ನೀಲಿ ತುಂಡಿನಿಂದ ಬೋರ್ಡು ಒರೆಸುತ್ತಲೇ ಹೇಳಿದೆ,
ಹನ್ನೊಂದು.

ಹುಲಿಗೆಮ್ಮ ಇನ್ನೂ ಮೆಟ್ಟಿಲಿಳಿದಿರಲಿಲ್ಲ.