ಬೀಡಿ ಬ್ರಾಂಚಿನ ಕುರ್ಚಿ

ಬಂದ್ಯೋಡಿನಲ್ಲಿ ಬಸ್ಸಿಳಿದು
ಬೀಡಿ ಬ್ರಾಂಚು ಎಲ್ಲಿ ಎಂದು ಕೇಳಿ.
ಮ್ಯೂಸಿಯಂ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ.
ಜಗಲಿಯನ್ನು ಹೆದ್ದಾರಿ ತಿಂದಿದೆ;
ಉಳಿದದ್ದು ಒಂದು ಕೋಣೆ, ಒಂದೂವರೆ ಕಿಟಕಿ,
ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲಿ.

ಟಿಕೇಟು ಇಲ್ಲ. ಚಪ್ಪಲಿ ಹೊರಗೆ.

ಗೋಡೆಯಲ್ಲಿ ಹದಿನೇಳು ಕತ್ತರಿ.
ಬೆರಳು ಕೊರೆಯದಂತೆ ಹಿಡಿಗೆ ಸುತ್ತಿದ್ದು
ಹದಿನೇಳು ಸೀರೆಯ ಅಂಚು;
ನನ್ನಮ್ಮನದು ನೀಲಿ.
ಎಲೆಯ ಅಳತೆಗೆ ತಗಡಿನ ತುಂಡು,
ಪಾಸ್‌ಬುಕ್ಕು, ಕೆಂಪು ನೂಲಿನ ಉಂಡೆ.
ಭರಣಿಯಲ್ಲಿರುವುದು ಕಂಪೆನಿಯವರು
ಬೇಡವೆಂದು ಆರಿಸಿ ಎಸೆದ ಬೀಡಿ.
ಒಳ್ಳೆಯದು ಒಂದೂ ಇಲ್ಲ ನಮ್ಮಲ್ಲಿ.
ಒಳ್ಳೆಯದೆಲ್ಲ ಸುಟ್ಟುಹೋಯಿತು
ಯಾವ್ಯಾವುದೋ ಊರಲ್ಲಿ, ಯಾರ್ಯಾರದೋ ತುಟಿಯಲ್ಲಿ.

ಮೊರಕ್ಕೆ ಹೆಸರಿನ ಚೀಟಿ ಅಂಟಿಸುವ ದಿನ ಜಗಳವಾಯಿತು.
ನಾನು ಮೊರ ಎಂದೆ. ಮಾಂಕು ಅಕ್ಕ ತಡ್ಪೆ ಎಂದಳು.
ಕುಂಞಮ್ಮನಿಗೆ ಅದು ಮುರಂ, ಫೆಲ್ಸಿ ಬಾಯಿಗೆ ಸೂಪ್.
ನೆಬೀಸ ಏನೂ ಹೇಳದೆ ಎತ್ತಿ ಮಡಿಲಲ್ಲಿಟ್ಟು
ತಳದ ಹೊಲಿಗೆಯನ್ನು ಬೆರಳಿನಿಂದ ತಡವಿ
‘ಇದು ನನ್ನದು’ ಎಂದಳು.
ಚೀಟಿಯಲ್ಲಿ ಈಗ ಅಷ್ಟೇ ಉಂಟು: ನೆಬೀಸಳದು.

ಶಾಲೆಯ ಹುಡುಗನೊಬ್ಬ ಕೇಳಿದ,
ಬೀಡಿ ಕೆಟ್ಟದ್ದಲ್ಲವಾ ಟೀಚರ್?
ನಾನು ಟೀಚರ್ ಅಲ್ಲ. ಹೌದು, ಕೆಟ್ಟದ್ದು.
ಸೇದದೆಯೇ ಅಮ್ಮ ಕೆಮ್ಮುತ್ತಿದ್ದಳು ಬೆಳಗಿನ ಜಾವದವರೆಗೆ.
ಅದನ್ನಿಡುವಂಥ ಪೆಟ್ಟಿಗೆ ನನಗೆ ಸಿಕ್ಕಲಿಲ್ಲ ಮಗಾ.

ಇದು ದೂಮಪ್ಪನ ಕುರ್ಚಿ.
ನಾವು ಸುತ್ತುವಾಗ ಪೇಪರು ಓದುವುದು ಅವನ ಕೆಲಸ;
ತಲೆಗೆ ಐದೈದು ಬೀಡಿ ಅವನ ಸಂಬಳ.
ಮಂಗಳೂರಿನಿಂದ ಬಂದದ್ದು ಕನ್ನಡ,
ಕಣ್ಣೂರಿನಿಂದ ಬಂದದ್ದು ಮಲಯಾಳ,
ಎರಡನ್ನೂ ಅವನು ಓದುತ್ತಿದ್ದದ್ದು ತುಳುವಿನಲ್ಲಿ.
ಕೊಲೆಯ ಸುದ್ದಿಗೆ ಕೈಗಳು ಓಡುತ್ತಿದ್ದವು,
ಮಂತ್ರಿಯ ಭಾಷಣಕ್ಕೆ ಎಲೆ ಹರಿಯುತ್ತಿತ್ತು.

ಒಮ್ಮೆ ಹನ್ನೊಂದು ದಿನ ಬಸ್ಸೇ ಇಲ್ಲ.
ದೂಮಪ್ಪ ದಿನವೂ ಬಂದ, ಕನ್ನಡಕ ಒರೆಸಿದ,
ಪೇಪರು ಬಿಡಿಸಿ ಓದಿದ.
ಎಲ್ಲೋ ಎರಡು ಬಾಲದ ಕರು ಹುಟ್ಟಿತು.
ಹಡಗೊಂದು ದಾರಿ ತಪ್ಪಿ, ಮೂರನೇ ದಿನ ಸಿಕ್ಕಿತು.
ಒಂಬತ್ತನೇ ದಿನ
ಸಾವಿರ ಬೀಡಿಗೆ ಎಂಟಾಣೆ ಕೂಲಿ ಏರಿತು.
ಮಡಿಕೆಯಲ್ಲಿ ಅದೇ ತೂತು, ಮೂಲೆಯಲ್ಲಿ ಅದೇ ಚಹದ ಕಲೆ.
ನಮಗೆಲ್ಲ ಕಾಣುತ್ತಿತ್ತು. ಯಾರೂ ತುಟಿ ಬಿಚ್ಚಲಿಲ್ಲ.

ಹನ್ನೆರಡನೇ ದಿನ ನಿಜವಾದ ಪೇಪರು ಬಂತು.
ಅದರಲ್ಲಿ ಎಂಟಾಣೆ ಇರಲಿಲ್ಲ.
‘ನಿನ್ನೆಯದನ್ನೇ ಓದು ಮಾರಾಯ’
ಎಂದದ್ದು ನನ್ನಮ್ಮ. ಬೇರೆ ಯಾರೂ ನಗಲಿಲ್ಲ.

ಆ ಪೇಪರು ಇಲ್ಲಿದೆ, ಗಾಜಿನ ಕೆಳಗೆ, ತೂತಿನ ಸಮೇತ.

ಇವತ್ತು ಮಧ್ಯಾಹ್ನ ನೆಬೀಸ ಬಂದಳು.
ಮೊಮ್ಮಗಳು ಬಾಗಿಲವರೆಗೆ ಕೈಹಿಡಿದು ಬಿಟ್ಟುಹೋದಳು.
ಕಣ್ಣು ಈಗ ಬೆಳಕನ್ನಷ್ಟೇ ಹಿಡಿಯುತ್ತದೆ.
ಬೆಂಚು ಇದ್ದರೂ ನೆಲದ ನಡುವೆ ಕೂತು
ಮೊರ ಕೇಳಿದಳು. ಕೊಟ್ಟೆ.
‘ಎಂತ ಸುದ್ದಿ?’ ಎಂದಳು.
ಪೇಪರು ನಾನು ನಿಲ್ಲಿಸಿ ವರ್ಷವಾಯಿತು.

ಮುಟ್ಟಬಾರದು, ಕೂರಬಾರದು ಎಂಬ ಬೋರ್ಡು
ನಾನೇ ಬರೆದದ್ದು. ಅದನ್ನು ತಿರುಗಿಸಿಟ್ಟು
ಕುರ್ಚಿಯಲ್ಲಿ ಕೂತೆ.
ಗಾಜಿನಿಂದ ಪೇಪರು ತೆಗೆದು, ಮೆಲ್ಲ ಬಿಡಿಸಿ,
ಎರಡು ಬಾಲದ ಕರುವಿಗೆ ಈಗ ಕರು ಹುಟ್ಟಿದೆ ಎಂದೆ.
ಅವಳ ಬೆರಳು ಇಲ್ಲದ ಎಲೆಯನ್ನು ಮಡಚಿತು,
ಇಲ್ಲದ ಹುಡಿ ತುಂಬಿತು, ಉಗುರಿನಿಂದ ತುದಿ ಒತ್ತಿ
ನೂಲಿಗೆ ಕೈ ಚಾಚಿತು.
ಉಂಡೆಯಿಂದ ಒಂದೆಳೆ ಕಡಿದುಕೊಟ್ಟೆ.

ಹೊರಗೆ ಲಾರಿ ಹೋಯಿತು, ಕತ್ತರಿಗಳು ಅಲುಗಿದವು.
‘ಗಟ್ಟಿ ಓದು,’ ಎಂದಳು ನೆಬೀಸ,
‘ಹಿಂದೆ ಕೂತವರಿಗೆ ಕೇಳುವುದಿಲ್ಲ.’