ತೇಮಾನು

ಆನವಟ್ಟಿ ಅಕ್ಕಸಾಲಿಯ ಮಗಳು ನಾನು,
ದೊಡ್ಡಕೆರೆ ಮೀನುಗಾರರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ.
ಮಾಗಿಯ ಬೆಳಗು, ಆರು ಗಂಟೆ,
ತಕ್ಕಡಿಗೆ ಬಿತ್ತು ಮೊದಲ ಬುಟ್ಟಿ:
ಕಾಟ್ಲಾ ಹನ್ನೊಂದು ಕಿಲೊ, ಗಿರ್ಲು ಎರಡೂವರೆ,
ಕೊರವ ಒಂದೇ ಒಂದು,
ಸತ್ತ ಮೇಲೂ ಯಾರನ್ನೋ ಗದರುವ ಹಾಗೆ ಬಾಯಿ.

ಶಂಕರಘಟ್ಟದಲ್ಲಿ ಓದುವ ಹುಡುಗಿ ತಹಸೀನಾ
ದೋಣಿಯಿಂದ ಕಪ್ಪು ಬಿಳುಪಿನ ತಟ್ಟೆಯೊಂದನ್ನು
ಹಗ್ಗದಲ್ಲಿ ಇಳಿಬಿಡುತ್ತಾಳೆ.
ಕಣ್ಣಿಗೆ ತಪ್ಪಿದಲ್ಲಿ ಹಗ್ಗ ಹಿಡಿದು ಬರೆದುಕೊಳ್ಳುತ್ತಾಳೆ,
ಬೆಳಕು ಇಲ್ಲಿಯವರೆಗೆ.
ಹುಟ್ಟು ಹಾಕುವ ಹುಚ್ಚರಾಯಪ್ಪನಿಗೆ ನಗು:
"ಬಿಸಿಲನ್ನೂ ಗೇಣು ಹಾಕಿ ಅಳೀತೀಯೇನವ್ವ?"
"ನೀವು ಹಿಡಿಯೋದೂ ಅದನ್ನೇ ಅಲ್ವಾ ಕಾಕಾ?
ಬಲೆಗೆ ಬಂದಿದ್ದು ಹೋದ ತಿಂಗಳ ಬಿಸಿಲು,
ಈ ಕೊರವನ ಮೈಯಲ್ಲಿ ಹೋದ ವರ್ಷದ್ದೂ ಇದೆ."

ಸಂಘದ ಮೇಜಿನ ಮೇಲೆ, ನನ್ನ ಖಾತೆಪುಸ್ತಕ ಸರಿಸಿ
ಅವಳ ಸೂಕ್ಷ್ಮದರ್ಶಕ.
ಒಂದು ತೊಟ್ಟು ಕೆರೆನೀರಲ್ಲಿ
ಹಸಿರು ಚುಕ್ಕಿಗಳ ಸಂತೆ, ನಡುವೆ ಕುಪ್ಪಳಿಸುವ ನೀರುಚಿಗಟ,
ಗಾಜಿನ ಮೈ, ಒಳಗೆ ತಿಂದ ಪಾಚಿಯ ಗೆರೆ,
ಬೆಲ್ಲ ಕದ್ದು ಬಾಯಿ ಒರೆಸಿಕೊಳ್ಳದ ಮಗುವಿನಂತೆ.

"ಪಾಚಿ ಸಾವಿರ ಅಂದುಕೊಳ್ಳಿ ಅಕ್ಕ, ಚಿಗಟಕ್ಕೆ ದಕ್ಕೋದು ನೂರು,
ಅದನ್ನು ತಿಂದ ಮರಿಮೀನಿಗೆ ಹತ್ತು,
ಅದನ್ನು ನುಂಗಿದ ಕೊರವನಿಗೆ ಒಂದು.
ಅಂದಾಜು ಅಷ್ಟೇ, ಕೆರೆಗೊಂದು ಲೆಕ್ಕ."
ನನ್ನ ಪೆನ್ನು ನಿಂತಿತು.
ಪ್ರತಿ ಮೆಟ್ಟಿಲಲ್ಲೂ ಉಳಿದ ಒಂಬತ್ತು ಭಾಗ
ಯಾವ ಕಾಲಮ್ಮಿಗೆ?

ಇದೇ ಮಾತಿಗೆ ಅಪ್ಪನ ಅಂಗಡಿಯಲ್ಲಿ ಜಗಳವಾಗುತ್ತಿತ್ತು.
ಕೊಟ್ಟ ಚಿನ್ನ ಇಷ್ಟು, ಬಳೆಯ ತೂಕ ಅಷ್ಟು,
ನಡುವಿನದು ಎಲ್ಲಿ ಆಚಾರ್ರೇ?
ಅಪ್ಪ ತಲೆ ಎತ್ತದೆ ಅನ್ನುತ್ತಿದ್ದ, ತೇಮಾನು.
ಗಿರಾಕಿಯ ಕಣ್ಣು ಅವನ ಜೇಬಿನ ಮೇಲೆ.

ಮೀನೂ ತೇಯುತ್ತದಂತೆ.
ಕಿವಿರು ತೆರೆದದ್ದಕ್ಕೆ, ಬಾಲ ಬಡಿದದ್ದಕ್ಕೆ,
ಮಿಂಚುಳ್ಳಿಯ ನೆರಳಿಗೆ ಬೆಚ್ಚಿ ಓಡಿದ್ದಕ್ಕೆ,
ಏನೂ ಮಾಡದೆ ಜೊಂಡಿನಡಿ
ಸುಮ್ಮನೆ ಇದ್ದದ್ದಕ್ಕೂ.

ವರ್ಷಕ್ಕೊಮ್ಮೆ ಅಪ್ಪನ ಕುಲುಮೆಯ ಬೂದಿ, ನೆಲದ ಕಸ,
ಕೂತ ಚಾಪೆಯ ಧೂಳೂ ಮಾರಾಟಕ್ಕೆ.
ಇಬ್ಬರು ಬಂದು ಹಿತ್ತಲಲ್ಲಿ ಮರಿಗೆ ಇಟ್ಟು
ರಾತ್ರಿಯಿಡೀ ಜಾಲಿಸುತ್ತಿದ್ದರು.
ಬೆಳಗಿಗೆ ಅಂಗೈಯಲ್ಲಿ ಸಾಸಿವೆಯಷ್ಟು ಹಳದಿ.
ದೊಡ್ಡಕೆರೆಯ ಹೂಳಿನಲ್ಲೂ ಅಂಥವರಿದ್ದಾರೆ,
ಕೆಂಪು ಹುಳ, ಗುಳ್ಳೆ, ಕಣ್ಣಿಗೆ ಬೀಳದ ಸಾವಿರ ಬಾಯಿ.
ಉದುರಿದ ಮತ್ತಿಯೆಲೆ, ಎಮ್ಮೆ ಸಗಣಿ, ನೀರುಕಾಗೆಯ ಹಿಕ್ಕೆ,
ಎಲ್ಲ ತೊಳೆದು ಹೆಕ್ಕುತ್ತಾರೆ ಪುಡಿಚಿನ್ನ.
ಹುಳವನ್ನು ಗಿರ್ಲು ತಿಂದು
ಗಿರ್ಲು ನನ್ನ ತಕ್ಕಡಿಗೆ ಬಂದು
ಖಾತೆಗೆ ಮತ್ತೆ ಜಮೆ.
ಬಿಸಿಯಾಗಿ ಹೋದದ್ದನ್ನು ಮಾತ್ರ
ಯಾವ ಮರಿಗೆಯೂ ಜಾಲಿಸದು.

ಕಾರ್ಯದರ್ಶಿ ಬಂಗಾರಪ್ಪನವರಿಗೆ ಬೇರೆ ಯೋಚನೆ:
"ಕೊರವಕ್ಕೇ ರೇಟು. ಕೆರೆ ತುಂಬ ಅದನ್ನೇ ಬಿಟ್ಟರೆ?"
ತಹಸೀನಾ ಬಾಯಿ ತೆರೆಯುವ ಮೊದಲೇ ಹುಚ್ಚರಾಯಪ್ಪ:
"ಎಲ್ಲಾರೂ ಅಧ್ಯಕ್ಷರಾದ್ರೆ ಬಲೆ ಎಳೆಯೋರು ಯಾರು ಸ್ವಾಮಿ?"

ಮಧ್ಯಾಹ್ನ ಬುತ್ತಿ ಬಿಚ್ಚಿದೆವು.
ಅವರದು ಹುಳಿಮೀನು, ನನ್ನದು
ಇದೇ ಕೆರೆನೀರಿನ ಗದ್ದೆಯ ಅನ್ನ, ಮಜ್ಜಿಗೆ.
"ಅಕ್ಕ ನಮಗಿಂತ ಸೂರ್ಯನಿಗೆ ಹತ್ತಿರ," ಎಂದಳು.
"ಅದಕ್ಕೇ ಬೇಗ ಬಿಸಿಯಾಗೋದು," ಹುಚ್ಚರಾಯಪ್ಪ.
ಅನ್ನದ ಮುದ್ದೆ ನೆತ್ತಿಗೇರುವಷ್ಟು ನಕ್ಕೆ.

ಮರುದಿನ ಖಾತೆಯಂಚಿಗೆ
ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಮೇಲೆ ಬರೆದೆ, ತೇಮಾನು.
ಕೆಳಗೆ ಏನು ತುಂಬಲಿ? ಆಡಿಟರಿಗೆ ಏನು ಹೇಳಲಿ?
ಕೆರೆಯ ಮೇಲೆ ಮಂಜು, ದೋಣಿ ಕಾಣದು,
ಹುಟ್ಟಿನ ಸದ್ದು ಮೊದಲು, ಆಮೇಲೆ ಹುಚ್ಚರಾಯಪ್ಪ,
ಬುಟ್ಟಿ ಹೊತ್ತು ಏರಿ ಹತ್ತಿ,
ಏದುಸಿರಿಗೆ ಬಾಯಿಂದ ಬೆಳ್ಳಗೆ ಹಬೆ
ಒಂದಿಷ್ಟು, ಮತ್ತೊಂದಿಷ್ಟು,
ನೋಡನೋಡುತ್ತ ಇಲ್ಲ.
"ಬರ್ಕಳವ್ವ," ಅಂದ, "ಗಿರ್ಲು ಮೂರು ಕಿಲೊ."