ತಲೆಕೆಳಗಿನ ಗಡಿಯಾರ

ನಾಡಿಯಾ, ನಿನ್ನ ಎದೆಯ ಮೇಲೆ ಪಿನ್ನಿಗೆ ತೂಗುವ ಆ ಗಡಿಯಾರ
ಎದುರು ನಿಂತವರಿಗೆ ಯಾವಾಗಲೂ ತಲೆಕೆಳಗು.
ಬಗ್ಗಿ ನೋಡುವವಳಿಗೆ ಮಾತ್ರ ನೆಟ್ಟಗೆ.

ನೀನು ಪ್ರಮಾಣವಚನ ತೆಗೆದುಕೊಂಡ ದಿನ
ಹೊಸ ಕೋಟಿನ ಮೇಲೂ ಅದೇ ಇತ್ತು.
ಟೀವಿಯವನು ಪದಕ ಅಂದುಕೊಂಡ.
ನಕ್ಕೆವು ನಾವು, ಊಟದ ಕೋಣೆಯಲ್ಲಿ;
ಮೈಕ್ರೋವೇವಿನೊಳಗೆ ಯಾರದೋ ಸೂಪು ಉಕ್ಕಿ ಹರಿಯುತ್ತಿತ್ತು,
ಯಾರೂ ಏಳಲಿಲ್ಲ.

ಆ ಜನವರಿ ನಿನಗೆ ನೆನಪಿರಬೇಕು.
ಡಾಫಿನ್ ಊರಿನ ಮೇಲೆ ಮೈನಸ್ ನಲವತ್ತು,
ಉಸಿರು ಮೂಗಿನ ಕೂದಲಲ್ಲೇ ಹೆಪ್ಪುಗಟ್ಟುವ ರಾತ್ರಿ.
ಮೂವತ್ತೊಂದು ಮಂಚ, ನಾವಿಬ್ಬರು.
ಕೊನೆಯ ಕೋಣೆಯ ವಾಸಿಲ್, ರೈಲ್ವೆಯ ಮುದುಕ,
ಗಂಟೆ ಒತ್ತಿದ್ದು ಎರಡೂ ಹತ್ತಕ್ಕೆ.
ನಾವು ಹೋದದ್ದು ಎರಡೂ ಐವತ್ತಕ್ಕೆ.
ಹೆಬ್ಬೆರಳು ಇನ್ನೂ ಗುಂಡಿಯ ಮೇಲಿತ್ತು.
ನೀನು ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆ,
ಎಣಿಸಲು ಏನೂ ಇರದಿದ್ದರೂ.

ಅಳಲಿಲ್ಲ. ಕೈಗೆ ಸಿಕ್ಕ ಕಾಗದದ ಬೆನ್ನಿಗೆ ಬರೆದೆ:
ನಲವತ್ತು ನಿಮಿಷ.
ಮರುದಿನ ಇನ್ಯಾರದೋ ಹದಿನೆಂಟು,
ಅದರ ಕೆಳಗೆ ಇಪ್ಪತ್ತಾರು.
ಅಲ್ಲಿಯವರೆಗೆ ನಮ್ಮ ಯೂನಿಯನ್ನು ಅಂದರೆ
ಕ್ರಿಸ್ಮಸ್ಸಿಗೊಂದು ಕೇಕು, ನಿವೃತ್ತಳಾದವಳಿಗೊಂದು ಹೂಗುಚ್ಛ.

ಚಳಿಗಾಲವಿಡೀ ಊರೂರು ಸುತ್ತಿದೆ
ಹೀಟರ್ ಕೆಟ್ಟ ಕಾರಿನಲ್ಲಿ, ಮಂಡಿಗೆ ಕಂಬಳಿ ಸುತ್ತಿ.
ಚರ್ಚಿನ ನೆಲಮಾಳಿಗೆಯಲ್ಲಿ
ಪೆರೊಗಿ ಮಡಿಚುವ ಅಜ್ಜಿಯರ ನಡುವೆ ನಿನ್ನ ಸಭೆ.
ಹಿಟ್ಟು ಮೆತ್ತಿದ ಕೈಯಲ್ಲೇ ಸಹಿ ಹಾಕಿದರು;
ಮನವಿಯ ಮೊದಲ ಪುಟದಲ್ಲಿ
ಈಗಲೂ ಒಂದು ಬಿಳಿ ಹೆಬ್ಬೆಟ್ಟು ಇದೆ.

ಮುಷ್ಕರದ ಬೋರ್ಡು ಬರೆದವಳೂ ನೀನೇ.
ಅಪ್ಪ ಕಣಜಕ್ಕೆ ಬಳಿದು ಮಿಕ್ಕ ಕೆಂಪು ಬಣ್ಣ, ಹಳೆಯ ಪ್ಲೈವುಡ್ಡು:
ಗಂಟೆ ಒತ್ತಿದರೆ ಬರುವವರು ಯಾರು?
ಕೊನೆಯ ಪದಕ್ಕೆ ಜಾಗ ಸಾಲದೆ
ಅಕ್ಷರಗಳು ಕುಗ್ಗಿ, ಅಂಚಿನಲ್ಲಿ ಕೆಳಕ್ಕೆ ಜಾರಿವೆ.

ಆಮೇಲೆ ಚುನಾವಣೆ.
ಬಾಗಿಲು ತಟ್ಟಿದಲ್ಲೆಲ್ಲ ಒಳಗೆ ಹೋಗಿ ಕೂತೆ,
ಕಾಲಿನ ಬಾವು ಒತ್ತಿ ನೋಡಿದೆ,
ಬಿ.ಪಿ. ಮಾತ್ರೆ ಬಿಟ್ಟವರನ್ನು ಬೈದೆ,
ಓಟು ಕೇಳುವುದನ್ನೇ ಮರೆತು ಹೊರಬಂದೆ.
ಮುನ್ನೂರ ಆರು ಓಟಿನಲ್ಲಿ ಗೆದ್ದೆ.

ಈಗ ಈ ಪತ್ರ.
ಸದ್ಯದ ಆರ್ಥಿಕ ಪರಿಸ್ಥಿತಿಯಲ್ಲಿ,
ಹಂತ ಹಂತವಾಗಿ,
ಸಹಾನುಭೂತಿಯಿಂದ ಪರಿಶೀಲಿಸಲಾಗುವುದು.
ಕೆಳಗೆ ನಿನ್ನ ಸಹಿ,
ಚಾರ್ಟಿನ ತುದಿಯಲ್ಲಿ ಹಾಕುತ್ತಿದ್ದೆಯಲ್ಲ, ಅದೇ;
ಬಾಲ ಮಾತ್ರ ಸ್ವಲ್ಪ ಉದ್ದವಾಗಿದೆ.

ಸಿಟ್ಟಿದೆಯೇ ಎಂದು ಕೇಳಬೇಡ. ಇದೆ.
ರಾತ್ರಿಪಾಳಿಯ ಸಿಟ್ಟು, ಮಲಗಿದರೆ ಇಳಿಯುತ್ತದೆ.
ಮಲಗಲು ಪುರುಸೊತ್ತು ಎಲ್ಲಿ?
ಆ ಕುರ್ಚಿಯಲ್ಲಿ ಕೂತು ನೋಡಿದವಳಲ್ಲ ನಾನು;
ಅಲ್ಲಿಂದ ಮಂಚಗಳು ಎಷ್ಟು ಕಾಣುತ್ತವೋ,
ಕಂಡರೂ ಯಾವ ಗಾತ್ರದಲ್ಲೋ.
ನಿನಗೂ ಯಾರೋ ಮೇಲಿನವರು ಹೇಳಿರಬೇಕು,
ನಮಗೆ ಮೇಟ್ರನ್ ಹೇಳುತ್ತಿದ್ದ ಹಾಗೆ:
ಇರುವುದರಲ್ಲೇ ಹೇಗೋ ಸುಧಾರಿಸಿಕೊಳ್ಳಿ.

ನಾಳೆ ಎರಡು ಬಸ್ಸು, ವಿನಿಪೆಗ್ಗಿಗೆ.
ಉಗ್ರಾಣದಲ್ಲಿ ಮುರಿದ ಗಾಲಿಕುರ್ಚಿಯ ಹಿಂದಿನಿಂದ
ಬೋರ್ಡು ಹೊರತೆಗೆದು ಧೂಳು ಒರೆಸಿದ್ದೇವೆ.
ಬಣ್ಣ ತಿದ್ದಿಲ್ಲ.
ನಿನ್ನ ಕಿಟಕಿಯಿಂದ ಓದಿಕೊಳ್ಳಬಹುದು,
ನಿನ್ನದೇ ಅಕ್ಷರ.

ಇದನ್ನು ಬಸ್ಸಿನಲ್ಲಿ ಯಾರಿಗೂ ಹೇಳುವುದಿಲ್ಲ:
ನಿನ್ನೆ ರಾತ್ರಿ ವಾರ್ಡಿನ ಫೋನು ಬಡಿದುಕೊಂಡಿತು.
ಎತ್ತಿದೆ. ಬರೀ ಉಸಿರು.
ಆಮೇಲೆ ನಿನ್ನ ದನಿ: ಎಷ್ಟು ಜನ ಇದ್ದೀರಿ ಇವತ್ತು?
ಇಬ್ಬರು, ಅಂದೆ ನಾನು.
ಎಷ್ಟು ಮಂಚ ಅಂತ ನೀನು ಕೇಳಲಿಲ್ಲ.
ಅಷ್ಟರಲ್ಲಿ ಏಳನೆಯ ಕೋಣೆಯ ಗಂಟೆ,
ಅದರ ಬೆನ್ನಿಗೇ ಒಂಬತ್ತನೆಯದು.
ಫೋನನ್ನು ಮೇಜಿನ ಮೇಲೆ ಮಲಗಿಸಿ ಓಡಿದೆ.

ಮರಳಿ ಬಂದಾಗ ಲೈನು ಇನ್ನೂ ತೆರೆದೇ ಇತ್ತು.
ಹನ್ನೊಂದು ನಿಮಿಷ, ಅಂದೆ ನೀನು,
ಫೋನು ಇಟ್ಟೆ.

ಬಸ್ಸು ಐದೂವರೆಗೆ.
ಗಾಳಿ ಜೋರಿದೆಯಂತೆ ಅಲ್ಲಿ,
ಆ ಬೋರ್ಡು ಹಿಡಿಯಲು ಇಬ್ಬರು ಬೇಕು.